ಹಸಿರು ಬಳೆಯ ಪಾಠ

ಸಿಂಧನೂರಿನ ಕೋಚಿಂಗ್ ಸೆಂಟರಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಮೇಡಂ, “ಬಾಯಿಪಾಠ ಬ್ಯಾಡ್ರಿ, ಕಣ್ಣಿಲೇ ನೋಡಿ ಕಲೀರಿ” ಎನ್ನುತ್ತಿದ್ದರು. ‘ಟೇಕ್ ಆಫ್’ ಎಂಬ ಪದ ಬಂದಾಗ ಕೈಯಿಂದ ಒಂದು ಹಸಿರು ಬಳೆ ಜಾರಿಸಿ ಮೇಜಿನ ಮೇಲಿಟ್ಟರು. “ಇದು ತಗಿಯೋದು.” ಆಮೇಲೆ ಅಂಗೈಯನ್ನು ಕಿಟಕಿಯತ್ತ ಹಾರಿಸಿದರು. “ಇದು ವಿಮಾನ ಮ್ಯಾಲ ಏರೋದು. ಎರಡೂ ಟೇಕ್ ಆಫೇ ನೋಡ್ರಿ.”

ನೌಕರಿ ಪರೀಕ್ಷೆಯಲ್ಲಿ ನಪಾಸಾಗಿ ಮರುವರ್ಷ ನಾನು ಮತ್ತೆ ಅದೇ ಬೆಂಚಿಗೆ ಬಂದೆ. ಅಷ್ಟರಲ್ಲಿ ಮೇಡಂ ಗಂಡ ತೀರಿಕೊಂಡಿದ್ದರು. ಮಸ್ಕಿಯ ಅತ್ತೆಮನೆಯವರು ಸಂಪ್ರದಾಯದಂತೆ ಅವರ ಬಳೆ ತೆಗೆಸಿದ್ದರು.

ಅದೇ ಪಾಠ ಬಂತು. “ಬಳೆ ತಗಿಯೋದು…” ಎನ್ನುತ್ತಲೇ ಅವರ ಕೈ ರೂಢಿಯಂತೆ ಬರಿಯ ಮಣಿಕಟ್ಟಿಗೆ ಹೋಗಿ ಅಲ್ಲೇ ನಿಂತಿತು. ಏನೂ ತಿಳಿಯದ ಹೊಸ ಹುಡುಗಿಯೊಬ್ಬಳು, “ನನ್ನ ಬಳೆ ತಗದು ಕೊಡ್ಲೇನ್ರಿ, ಮೇಡಂ?” ಎಂದಳು.

“ಬ್ಯಾಡವ್ವ, ಅವು ನಿನ್ನ ಕೈಯಾಗ ಇರ್ಲಿ.”

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಇದೂ ತಗಿಯೋದೇ” ಎಂದರು. ಅದನ್ನು ಮತ್ತೆ ಹಾಕಿಕೊಳ್ಳಲು ಅವರಿಗೆ ಬಹಳ ಹೊತ್ತು ಹಿಡಿಯಿತು.