ಗೋಡೆಯ ಕಡೆಯ ಕಣ್ಣು

ನನ್ನ ಸೋದರತ್ತೆ ದನಕರುಗಳ ಮನಸ್ಸು ತಿಳಿಯುವವಳು ಎಂದು ಸಂಶಿಯ ಸುತ್ತಿನ ಹಳ್ಳಿಗಳಲ್ಲೆಲ್ಲ ಹೆಸರಾಗಿದ್ದಳು. ಅವಳು ತೀರಿಕೊಂಡ ಮೇಲೆ ಆ ಹೆಸರು ನನ್ನ ತಲೆಗೆ ಬಂತು. ನಾನೇನು ಬೇಡಿಕೊಂಡದ್ದಲ್ಲ. ಹತ್ತು ವರ್ಷ ಅವಳ ಹಿಂದೆ ಅಡ್ಡಾಡಿದ್ದೆ, ಅವಳಂತೆ ಎಮ್ಮೆಯ ಕೊರಳಿಗೆ ಕೈಯಿಟ್ಟು ಕಣ್ಣು ಮುಚ್ಚಿ ನಿಲ್ಲುವುದು ಗೊತ್ತಿತ್ತು. ಜನಕ್ಕೆ ಅಷ್ಟು ಸಾಕಾಯಿತು. ಎಂಬತ್ತರ ದಶಕದ ಆ ವರ್ಷಗಳಲ್ಲಿ ನಾನು ಹೊಲದಿಂದ ಬಂದು ಕಾಲು ತೊಳೆದುಕೊಳ್ಳುವುದರೊಳಗೆ ಯಾರಾದರೂ ನಮ್ಮ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಒಬ್ಬರ ಆಕಳು ಮೇವು ಬಿಟ್ಟಿದೆ, ಇನ್ನೊಬ್ಬರ ನಾಯಿ ಮೂರು ದಿನದಿಂದ ಹಿತ್ತಲಿನ ಮೂಲೆ ಹಿಡಿದಿದೆ, ಮತ್ತೊಬ್ಬರ ಎಮ್ಮೆ ಕರು ಸತ್ತಾಗಿನಿಂದ ಒದರುವುದನ್ನು ನಿಲ್ಲಿಸಿಲ್ಲ. ಏನು ಅನ್ನುತ್ತದೆ ಕೇಳಿ ಹೇಳು ಎನ್ನುವುದು ಅವರ ಬೇಡಿಕೆ. ನನಗೆ ಏನಾಗಿದೆ ಎಂದು ಕೇಳುವವರು ಮಾತ್ರ ಒಬ್ಬರೂ ಇರಲಿಲ್ಲ.

ಅದು ನನಗೆ ನಿಜವಾಗಿ ತಿಳಿಯುತ್ತಿತ್ತೋ ಇಲ್ಲವೋ ಇವತ್ತಿಗೂ ಹೇಳಲಾರೆ. ಕೈಯಿಟ್ಟು ಸುಮ್ಮನೆ ನಿಂತರೆ ಸ್ವಲ್ಪ ಹೊತ್ತಿಗೆ ಏನೋ ಒಂದು ಬರುತ್ತಿತ್ತು. ಹಸಿವು, ಅಂಜಿಕೆ, ಬೇಸರ, ಎಲ್ಲೋ ಒಂದು ನೋವು. ಮಾತಲ್ಲ. ಅದನ್ನು ಮಾತು ಮಾಡುತ್ತಿದ್ದವಳು ನಾನು. ಈ ವ್ಯತ್ಯಾಸ ಅತ್ತೆಗೆ ಚೆನ್ನಾಗಿ ಗೊತ್ತಿತ್ತು, ನನಗೆ ಬುದ್ಧಿ ಬರುವಷ್ಟರಲ್ಲಿ ತಡವಾಗಿತ್ತು.

ಅತ್ತೆ ಈ ಕೆಲಸಕ್ಕೆ ತನ್ನದೇ ಕಟ್ಟುನಿಟ್ಟು ಇಟ್ಟುಕೊಂಡಿದ್ದಳು. ಕರೆಯದೆ ಯಾರ ದನದ ಹತ್ತಿರವೂ ಹೋಗುತ್ತಿರಲಿಲ್ಲ. ಹೋದ ಕೂಡಲೇ ಮುಟ್ಟುತ್ತಲೂ ಇರಲಿಲ್ಲ, ಅದು ತಾನಾಗಿ ಮೂತಿ ಚಾಚಿ ಮೂಸಿ ನೋಡುವ ತನಕ ಕಂಬದಂತೆ ನಿಂತಿರುತ್ತಿದ್ದಳು. ಮೂಸದಿದ್ದರೆ, ಇವತ್ತು ಅದಕ್ಕೆ ಮನಸ್ಸಿಲ್ಲ ಎಂದು ಚಪ್ಪಲಿ ಮೆಟ್ಟಿ ಹೊರಟೇ ಬಿಡುತ್ತಿದ್ದಳು. ಮೂಸಿದ ಮೇಲೂ ಕಣ್ಣು ಮುಚ್ಚುವ ಮೊದಲು ಅದನ್ನು ಒಂದು ಸುತ್ತು ಹಾಕಬೇಕು. ಗೊರಸು ಎತ್ತಿ ನೋಡಬೇಕು, ಬಾಯಿ ತೆರೆಸಬೇಕು, ಕಿವಿಯೊಳಗೆ ಉಣ್ಣೆಹುಳು ಹುಡುಕಬೇಕು, ಸಗಣಿಯನ್ನೂ ಕಡ್ಡಿಯಿಂದ ಕೆದಕಬೇಕು. ಹೆಚ್ಚಿನ ಸಲ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ಇದರಲ್ಲಿ ನನ್ನದೇನೂ ಇಲ್ಲ, ದನದ ದವಾಖಾನೆಗೆ ಹೊಡೆದುಕೊಂಡು ಹೋಗಿ ಎಂದು ಹೇಳಿ, ಕೊಟ್ಟರೆ ಅರ್ಧ ಕಪ್ ಚಹಾ ಕುಡಿದು ಬರುತ್ತಿದ್ದಳು. ಒಂದೇ ಒಂದು ಮಾತನ್ನು ಮಾತ್ರ ನನ್ನನ್ನು ಎದುರಿಗೆ ಕೂರಿಸಿಕೊಂಡು ಹೇಳಿದ್ದಳು.

“ದನದ ಬಾಯಾಗ ಮನಶ್ಯಾರ ಹೆಸರ ಇಡಬ್ಯಾಡ. ಅಂಜೇತಿ ಅನ್ನು, ಸಾಕು. ಯಾರಿಗೆ ಅಂಜೇತಿ ಅಂತ ಅನಬ್ಯಾಡ. ನೀ ಅಂದದ್ದು ಖರೇನೋ ಸುಳ್ಳೋ ಅಂತ ಯಾರೂ ಅದನ್ನ ಹೊಳ್ಳಿ ಕೇಳಾಕ ಬರೂದಿಲ್ಲ.”

ನಾನು ತಲೆಯಾಡಿಸಿದ್ದೆ. ತಲೆಯಾಡಿಸುವುದಕ್ಕೇನು ಖರ್ಚು.

ಅದು ಹತ್ತಿ ಬಿಡಿಸುವ ಕಾಲ. ಬೆಳಗಿನಿಂದ ಎರೆ ಹೊಲದಲ್ಲಿ ಬಗ್ಗಿ ಬಗ್ಗಿ ನನ್ನ ಸೊಂಟ ಸೊಂಟವಾಗಿ ಉಳಿದಿರಲಿಲ್ಲ, ಹತ್ತಿಯ ಸಿಪ್ಪೆ ಗೀರಿ ಬೆರಳ ತುದಿಗಳೆಲ್ಲ ಉರಿಯುತ್ತಿದ್ದವು. ಮಧ್ಯಾಹ್ನ ಊಟದ ಹೊತ್ತಿಗೂ ಒಬ್ಬಳು ಹೊಲಕ್ಕೇ ಬಂದು ತನ್ನ ಆಡಿನ ಕಥೆ ಹೇಳಿ ತಲೆ ತಿಂದಿದ್ದಳು. ಸಂಜೆ ಮನೆಗೆ ಬಂದರೆ ಓಣಿಯ ತುದಿಯ ದೊಡ್ಡ ಮನೆಯ ಗೌಡರು ಸ್ವತಃ ಬಂದು ನಿಂತಿದ್ದರು. ಅವರಂಥವರು ಆಳನ್ನು ಕಳಿಸದೆ ತಾವೇ ಬಂದರೆ ನಾಳೆ ಬರುತ್ತೇನೆ ಎನ್ನಲು ನನಗೆ ಬಾಯಿ ಬರಲಿಲ್ಲ. ಹಾಗೆ ಅಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಗೌಡರ ಹತ್ತಿರ ಒಂದು ಜೋಡಿ ಕಿಲಾರಿ ಎತ್ತುಗಳಿದ್ದವು, ಕರುಗಳಿದ್ದಾಗಿನಿಂದ ಸಾಕಿದವು. ಅವನ್ನು ನೋಡಿಕೊಳ್ಳಲು ಒಬ್ಬ ಮುದುಕ ಇದ್ದ. ಇಪ್ಪತ್ತು ವರ್ಷಕ್ಕೂ ಮೇಲೆ ಅದೇ ಮನೆಯಲ್ಲಿ ದುಡಿದವನು. ಹೆಂಡತಿ ಮಕ್ಕಳಿಲ್ಲ, ಎತ್ತುಗಳ ಪಕ್ಕದಲ್ಲೇ ಹಾಸಿಗೆ. ಈಗ ಒಂದು ವಾರದಿಂದ ಆ ಮುದುಕ ಹತ್ತಿರ ಹೋದರೆ ಸಾಕು, ಜೋಡಿಯಲ್ಲಿ ದೊಡ್ಡ ಎತ್ತು ಬೆಚ್ಚಿ ಪಕ್ಕಕ್ಕೆ ಹಾರುತ್ತದೆ, ಮೈ ನಡುಗಿಸುತ್ತದೆ. ಗೌಡರು ಮೂರು ಸಲ ಕಣ್ಣಾರೆ ನೋಡಿದ್ದಾರೆ. ಅವನು ಯಾರೂ ಇಲ್ಲದಾಗ ಅದನ್ನು ಬಡಿಯುತ್ತಾನೆಯೇ ಎಂದು ಎತ್ತನ್ನೇ ಕೇಳಿ ಹೇಳಬೇಕು. ಬಡಿಯುವುದೇ ನಿಜವಾದರೆ ಅಂಥವನನ್ನು ಒಂದು ದಿನವೂ ಇಟ್ಟುಕೊಳ್ಳುವುದಿಲ್ಲ ಎಂದು ದಾರಿಯುದ್ದಕ್ಕೂ ಹೇಳಿದರು. ಅವರಿಗೆ ನಿಜವಾಗಿ ಸಂಕಟವಾಗಿತ್ತು, ಅದರಲ್ಲಿ ಸುಳ್ಳಿಲ್ಲ.

ತಲೆಬಾಗಿಲು ದಾಟಿದರೆ ದನ ಕಟ್ಟುವ ಜಾಗ, ಮೇಲೆ ಪಡಸಾಲೆ. ದೊಡ್ಡ ಎತ್ತು ತನ್ನ ಬಲಮಗ್ಗುಲನ್ನು ಗೋಡೆಗೆ ಕೊಟ್ಟು ನಿಂತಿತ್ತು. ನಾನು ಎಡಗಡೆಯಿಂದ ಹೋದೆ. ಅದು ಮೂತಿ ತಿರುಗಿಸಿ ನನ್ನ ಕೈ ಮೂಸಿತು, ಒಳ್ಳೆಯ ಸ್ವಭಾವದ ಪ್ರಾಣಿ. ಇನ್ನು ಒಂದು ಸುತ್ತು ಹಾಕಬೇಕು. ಸುತ್ತು ಹಾಕಬೇಕೆಂದರೆ ಗೋಡೆಗೂ ಎತ್ತಿಗೂ ನಡುವಿನ ಇಕ್ಕಟ್ಟಿನಲ್ಲಿ, ಗಂಜಲದ ಕೆಸರಿನಲ್ಲಿ ನುಸುಳಬೇಕಿತ್ತು. ಆಗಷ್ಟೇ ಕಾಲು ತೊಳೆದುಕೊಂಡು ಬಂದಿದ್ದೆ. ನೋಡಲು ಎತ್ತು ಲಕ್ಷಣವಾಗಿತ್ತು, ಕಣ್ಣುಗಳು ತಿಳಿಯಾಗಿದ್ದವು, ಮೈ ಮಿರಿಮಿರಿ ಮಿಂಚುತ್ತಿತ್ತು. ಏನಾಗಿದೆ ಇದಕ್ಕೆ ಎಂದುಕೊಂಡು ನಿಂತಲ್ಲೇ ಕೊರಳಿಗೆ ಕೈಯಿಟ್ಟು ಕಣ್ಣು ಮುಚ್ಚಿದೆ.

ಗೌಡರು ಮುದುಕನನ್ನು ಕರೆದು ಮೇವು ಹಾಕಲು ಹೇಳಿದರು. ಅವನು ಗೋಡೆಯ ಕಡೆಯಿಂದ, ಸದ್ದಿಲ್ಲದೆ, ಜೋಳದ ಕಣಿಕೆಯ ಸಿವುಡು ಹಿಡಿದು ಬಂದ. ನನ್ನ ಅಂಗೈ ಕೆಳಗೆ ಎತ್ತಿನ ಇಡೀ ಮೈ ಝಲ್ಲೆಂದಿತು. ನನ್ನ ಎದೆಯೂ ಹಾರಿತು. ಅಂಜಿಕೆ ಎಂದರೆ ಅದು ಅಂಜಿಕೆ, ಅದಕ್ಕಿಂತ ಖಚಿತವಾಗಿ ನನಗೆ ಯಾವತ್ತೂ ಏನೂ ತಿಳಿದಿರಲಿಲ್ಲ. ಕಣ್ಣು ತೆರೆದು ಹೇಳಿಬಿಟ್ಟೆ.

“ಹೌದ್ರಿ ಗೌಡ್ರ. ಇದು ಇವರ ಕೈಗೆ ಅಂಜತೈತಿ.”

ಮುದುಕ ನನ್ನನ್ನು ಒಮ್ಮೆ ನೋಡಿದ. ಏನೂ ಹೇಳಲಿಲ್ಲ. ನಾನು ಆ ಮೌನವನ್ನು ತಪ್ಪೊಪ್ಪಿಗೆ ಎಂದುಕೊಂಡೆ. ಮನೆಗೆ ಬಂದು ರೊಟ್ಟಿ ತಿಂದು ಗಡದ್ದಾಗಿ ಮಲಗಿದೆ ಎನ್ನುವುದನ್ನೂ ಇಲ್ಲಿ ಹೇಳಬೇಕು. ಮರುದಿನ ಅವನನ್ನು ಬಿಡಿಸಿದರು. ಅವನು ದುಮ್ಮವಾಡದ ತಂಗಿಯ ಮನೆಗೆ ಹೋದ ಎಂದು ನೀರಿಗೆ ಬಂದ ಹೆಂಗಸರು ಮಾತಾಡಿಕೊಂಡರು. ಎತ್ತಿಗೆ ಬಡಿಯುತ್ತಿದ್ದನಂತೆ ಎನ್ನುವ ಮಾತು ಅವನಿಗಿಂತ ಮೊದಲೇ ಊರು ದಾಟಿತ್ತು.

ಒಂದು ತಿಂಗಳಾಗಿರಬೇಕು. ಮಧ್ಯಾಹ್ನ ಹೊಲದಿಂದ ಬರುತ್ತಿದ್ದೆ. ಗೌಡರ ಮನೆಯ ಹೊರಗೆ ಅದೇ ಎತ್ತನ್ನು ಬೇವಿನ ಗಿಡಕ್ಕೆ ಕಟ್ಟಿದ್ದರು. ನಾನು ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ಅದರ ಬಲಮಗ್ಗುಲಲ್ಲೇ ಹಾದುಹೋದೆ. ಹೊರೆಯ ತುದಿ ಅದರ ಕೊರಳಿಗೆ ತಾಗಿತು ಅಷ್ಟೇ, ಎತ್ತು ಹೌಹಾರಿ ಪಕ್ಕಕ್ಕೆ ಹಾರಿತು. ಆ ಮುದುಕನಿಗೆ ಹಾರಿದ್ದಂತೆಯೇ, ಅಷ್ಟೇ ನಡುಕ. ನಾನು ಯಾವತ್ತೂ ಅದನ್ನು ಬಡಿದವಳಲ್ಲ.

ಹೊರೆ ಇಳಿಸಿದೆ. ಉಸಿರು ಹಿಡಿದು ಅದರ ಬಲಗಣ್ಣಿನ ಮುಂದೆ ಅಂಗೈ ಆಡಿಸಿದೆ. ರೆಪ್ಪೆ ಬಡಿಯಲಿಲ್ಲ. ಬೆರಳನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಒಯ್ದೆ. ಊಹೂಂ. ಎಡಗಣ್ಣಿನ ಮುಂದೆ ಆಡಿಸಿದರೆ ತಕ್ಷಣ ಮುಚ್ಚಿತು. ಹೂ ಬಿದ್ದಿಲ್ಲ, ಮಸುಕಿಲ್ಲ, ಕನ್ನಡಿಯಂತೆ ತಿಳಿಯಾದ ಬಲಗಣ್ಣು, ಒಳಗೆ ಮಾತ್ರ ಬೆಳಕಿಲ್ಲ. ನಾನು ಅಲ್ಲೇ ಹೊರೆಯ ಮೇಲೆ ಕೂತುಬಿಟ್ಟೆ. ನನಗೆ ತಿಳಿದದ್ದು ನಿಜವೇ ಆಗಿತ್ತು, ಹೇಳಿದ್ದು ಸುಳ್ಳು. ಗೋಡೆಯ ಕಡೆ ನುಸುಳಿ ಒಂದು ಸುತ್ತು ಹಾಕಿದ್ದರೆ ಕೂಡಲೇ ಗೊತ್ತಾಗುತ್ತಿತ್ತು.

ಗೌಡರ ಬಳಿ ಹೋಗುವ ಮೊದಲು ಮುದುಕನ ಬಳಿ ಹೋಗಬೇಕೆನಿಸಿತು. ಹುಬ್ಬಳ್ಳಿಗೆ ಒಂದು ಬಸ್ಸು, ಅಲ್ಲಿಂದ ಕಲಘಟಗಿ, ಅಲ್ಲಿಂದ ದುಮ್ಮವಾಡ. ಅವನು ತಂಗಿಯ ಮನೆಯ ಮುಂದೆ ಹಗ್ಗ ಹೊಸೆಯುತ್ತ ಕೂತಿದ್ದ. ನನ್ನನ್ನು ಕಂಡು ಸಿಟ್ಟು ಮಾಡಲಿಲ್ಲ. ತಂಗಿಗೆ ಚಹಾ ಮಾಡಲು ಹೇಳಿದ. ಬೈದಿದ್ದರೆ ಸುಖವಿತ್ತು.

ಎತ್ತಿನ ಬಲಗಣ್ಣು ಹೋಗಿದೆ, ನನ್ನಿಂದ ತಪ್ಪಾಯಿತು ಎಂದೆ. ಗೊತ್ತು ಎಂದ. ಆರು ತಿಂಗಳ ಹಿಂದೆಯೇ ಅವನಿಗೆ ಗೊತ್ತಾಗಿತ್ತಂತೆ. ಯಾರಿಗೂ ಹೇಳದೆ, ಅದನ್ನು ಗೋಡೆಯ ಕಡೆ ಕುರುಡು ಕಣ್ಣು ಬರುವಂತೆ ಕಟ್ಟತೊಡಗಿದ್ದ. ಆ ಕಡೆ ತಾನೊಬ್ಬನೇ ಹೋಗುವುದು. ಹೋಗುವಾಗಲೆಲ್ಲ ಬಾಯಿ ತುಂಬ ಮಾತಾಡುತ್ತ ಹೋಗುವುದು, ದನಿ ಕೇಳಿದರೆ ಎತ್ತಿಗೆ ಧೈರ್ಯ. ಹೂಡುವಾಗ ಅದನ್ನು ಯಾವಾಗಲೂ ಎಡಕ್ಕೆ ಹೂಡುವುದು, ಆಗ ಬಲಗಡೆ ಜೊತೆಯ ಎತ್ತಿನ ಮೈ ತಾಗಿಕೊಂಡು ಇರುತ್ತದೆ. ಎಲ್ಲ ಸರಿಯಾಗಿಯೇ ನಡೆದಿತ್ತು. ಆ ಒಂದು ವಾರ ಮಾತ್ರ ನೆಗಡಿಯಾಗಿ ಅವನ ಗಂಟಲು ಪೂರ್ತಿ ಕಟ್ಟಿತ್ತು. ಸದ್ದಿಲ್ಲದ ಕೈಗೆ ಎತ್ತು ಬೆಚ್ಚಿತು.

ಅವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ದನಿ ಬರದಿದ್ದರೂ ಕೈಸನ್ನೆಯಿಂದ ತೋರಿಸಬಹುದಿತ್ತಲ್ಲ.

“ತೋರಿಸಿದ್ರ ಬರೂ ಶುಕ್ರವಾರ ಅದು ಸಂತ್ಯಾಗ ಇರತಿತ್ತವಾ,” ಎಂದ. “ಕುಂಟ ಬಿದ್ದ ಒಂದ ಹಳೇ ಎತ್ತನ್ನ ಗೌಡ್ರು ಹೋದ ವರ್ಷ ಮಾರಿದ್ರು. ಕುಲ್ಡ ಎತ್ತ ಉಳಾವ್ರು ಯಾರೂ ಒಯ್ಯೂದಿಲ್ಲ. ಯಾರು ಒಯ್ತಾರ ಅನ್ನೂದು ನಿನಗೂ ಗೊತ್ತೈತಿ.”

ಗೌಡರು ಕೆಟ್ಟವರಲ್ಲ. ಎತ್ತನ್ನು ಬಡಿಯುವುದು ಅವರಿಗೆ ಪಾಪ, ಕೆಲಸಕ್ಕೆ ಬಾರದ ಎತ್ತನ್ನು ಮಾರುವುದು ವ್ಯವಹಾರ. ನಮ್ಮಲ್ಲಿ ಬಹಳ ಮಂದಿ ಹಾಗೆಯೇ. ನಾನು ಏನು ಮಾಡಲಿ ಹೇಳು ಅಜ್ಜಾ ಎಂದೆ. ಕಣ್ಣಿನ ವಿಷಯ ಹೇಳದೆ ಅವನ ಮೇಲಿನ ಮಾತನ್ನು ಅಳಿಸುವುದು ಹೇಗೆ ಎನ್ನುವುದು ನನಗೆ ಹೊಳೆಯಲಿಲ್ಲ. ಅವನು ಹಗ್ಗ ಹೊಸೆಯುವುದನ್ನು ನಿಲ್ಲಿಸಲಿಲ್ಲ.

“ನಂದು ಬಿಡು. ಆ ಮನೀಗೆ ನಾ ಹೊಳ್ಳಿ ಹೋಗಾಂವಲ್ಲ. ಉಳೂ ಕಾಲ ಬಂದಾಗ ಹೊಸಾ ಆಳು ಅದನ್ನ ಬಲಕ್ಕ ಹೂಡಿದ್ರ ಒಂದ ದಿನಕ್ಕ ಗೊತ್ತಾಕ್ಕೈತಿ. ಎಡಕ್ಕ ಹೂಡೂ ಹಂಗ ಮಾಡು. ನಿನ್ನ ಮಾತ ಕೇಳತಾರ ಅವರು.”

ಮರುದಿನ ಗೌಡರ ಪಡಸಾಲೆಯಲ್ಲಿ ನಿಂತು ಹೇಳಿದೆ. ನನ್ನದು ತಪ್ಪಾಯಿತು, ಆ ಮುದುಕ ಎತ್ತಿಗೆ ಕೈ ಎತ್ತಿದವನಲ್ಲ, ನಾನು ಅವತ್ತು ದಣಿದಿದ್ದೆ, ಸರಿಯಾಗಿ ನೋಡಲಿಲ್ಲ ಎಂದು ನನ್ನ ಬಾಯಿಯಿಂದ, ನನ್ನ ಮಾತಾಗಿ ಹೇಳಿದೆ. ಗೌಡರು ಸಮಾಧಾನದಿಂದ ಕೇಳಿಸಿಕೊಂಡರು. ಆಮೇಲೆ ಹೊಸ ಆಳು ಎಡಗಡೆಯಿಂದ ಮೇವು ಎಸೆಯುವುದನ್ನೂ ಎತ್ತು ನಿಶ್ಚಿಂತೆಯಿಂದ ತಿನ್ನುವುದನ್ನೂ ತೋರಿಸಿದರು.

“ನಿಂದು ಮೆತ್ತನ್ನ ಮನಸ್ಸ ತಂಗಿ, ಅಂವನ್ನ ನೋಡಿ ಕನಿಕರ ಬಂದೈತಿ. ನೀ ಸುಳ್ಳ ಹೇಳಬಹುದು. ಎತ್ತ ಹೇಳತೈತೇನು?”

ಕಣ್ಣಿನ ವಿಷಯ ನಾಲಿಗೆಯ ತುದಿಗೆ ಬಂದಿತ್ತು. ಎತ್ತು ಹುಲ್ಲು ಮೆಲ್ಲುತ್ತಿತ್ತು. ನುಂಗಿಕೊಂಡೆ. ಮುದುಕನ ಹೆಸರು, ಎತ್ತಿನ ಜೀವ, ಆ ಎರಡರಲ್ಲಿ ಯಾವುದನ್ನು ಉಳಿಸಬೇಕೆಂದು ಆರಿಸುವ ಹಕ್ಕು ನನಗಿರಲಿಲ್ಲ, ಮುದುಕ ಆಗಲೇ ಆರಿಸಿದ್ದ. ಹೊರಡುವಾಗ ಹೊಸ್ತಿಲ ಬಳಿ ತಿರುಗಿ, ಎತ್ತನ್ನು ಮುಟ್ಟದೆ, ಕಣ್ಣನ್ನೂ ಮುಚ್ಚದೆ, ಅತ್ತೆಯ ಎಲ್ಲ ಕಟ್ಟುನಿಟ್ಟನ್ನೂ ಒಟ್ಟಿಗೆ ಮುರಿದೆ.

“ಗೌಡ್ರ, ಎತ್ತ ಒಂದ ಮಾತ ಹೇಳೇತ್ರಿ. ನನ್ನ ಎಡಕ್ಕ ಹೂಡ್ರಿ, ಬಲಮಗ್ಗಲಾ ಗ್ವಾಡಿ ಕಡೆ ಮಾಡಿ ಕಟ್ರಿ ಅಂತೈತಿ.”

ಗೌಡರು ಎದ್ದು ನಿಂತರು. ಹೊಸ ಆಳನ್ನು ಕರೆದು, ಇವತ್ತಿನಿಂದ ಇದನ್ನು ಎಡಕ್ಕಲ್ಲದೆ ಹೂಡಿದರೆ ನೋಡು ಎಂದು ತಾಕೀತು ಮಾಡಿದರು. ಯಾಕೆ ಎಂದು ಕೂಡ ಕೇಳಲಿಲ್ಲ. ನಾನು ನನ್ನ ಹೆಸರಿನಲ್ಲಿ ಹೇಳಿದ ನಿಜ ಅದೇ ಪಡಸಾಲೆಯಲ್ಲಿ ಎರಡು ನಿಮಿಷವೂ ಬದುಕಿರಲಿಲ್ಲ.

ಎತ್ತು ಮತ್ತೆ ನಾಲ್ಕು ವರ್ಷ ಎಡಕ್ಕೇ ದುಡಿದು ಅದೇ ಮನೆಯಲ್ಲಿ ಸತ್ತಿತು. ಗೌಡರು ಅದನ್ನು ಹೊಲದಲ್ಲೇ ಹೂಳಿಸಿದರು. ಮುದುಕ ಅದಕ್ಕಿಂತ ಮೊದಲೇ ತೀರಿಹೋಗಿದ್ದ. ನಾನು ಅಂದಿನಿಂದ ಯಾವ ದನಕ್ಕೂ ಕೈಯಿಟ್ಟಿಲ್ಲ. ನನಗೆ ಈಗ ಏನೂ ತಿಳಿಯುವುದಿಲ್ಲ ಎಂದರೆ ಜನ ನಂಬಲಿಲ್ಲ, ಸೊಕ್ಕು ಎಂದರು. ಅನ್ನಲಿ. ಕಟ್ಟೆಯ ಮೇಲೆ ಬಂದು ಕೂತವರನ್ನು ದವಾಖಾನೆಗೆ ಕಳಿಸಿ ಕಳಿಸಿ ನನಗೆ ಸಾಕಾಗಿ ಹೋಯಿತು.

ಎತ್ತು ಸತ್ತ ವರ್ಷವೇ ಒಮ್ಮೆ ಅಣ್ಣಿಗೇರಿಗೆ ಹೋಗುವ ಬಸ್ಸಿನಲ್ಲಿ ಪಕ್ಕದಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಮಾತಿಗೆ ಮಾತು ಬಂದು ತವರು ದುಮ್ಮವಾಡ ಎಂದಳು. ಅಲ್ಲಿ ತಂಗಿಯ ಮನೆಯಲ್ಲಿ ಹಗ್ಗ ಹೊಸೆಯುತ್ತಿದ್ದ ಒಬ್ಬ ಮುದುಕ ಗೊತ್ತೇ ಎಂದು ಕೇಳಿದೆ. ಕೇಳಬಾರದಿತ್ತು.

“ಗೊತ್ತಲ್ರಿ. ಎತ್ತಿಗೆ ಬಡೀತಿದ್ದನಲ್ಲ, ಅಂವ.”

ಹಾಗೆಂದು ಯಾರು ಹೇಳಿದರು ಎಂದೆ.

“ಯಾರ ಯಾಕ ಹೇಳಬೇಕ್ರಿ,” ಎಂದಳು ಅವಳು. “ಎತ್ತ ಹೇಳಿತ್ತಂತ.”