ಕೊನೆಯ ಗದ್ದೆಯ ನೀರು

ನಲವತ್ತೇಳನೇ ಇಸವಿಯಲ್ಲಿ ನನ್ನ ಕಾಲು ನೆಲದ ಮೇಲಿರಲಿಲ್ಲ. ಮೈಸೂರಿನಲ್ಲಿ ಕಾಲೇಜು ಬಿಟ್ಟು, ಅರಸರಿಂದ ಜವಾಬ್ದಾರಿ ಸರ್ಕಾರ ಕೇಳುವ ಮೆರವಣಿಗೆಗಳಲ್ಲಿ ಕೂಗಿ ಗಂಟಲು ಕೆಡಿಸಿಕೊಂಡು, ಕಿರುಗಾವಲಿನ ಹತ್ತಿರದ ನಮ್ಮ ಹಳ್ಳಿಗೆ ಬಂದಿದ್ದೆ. ಜನರ ಮಾತೇ ನಡೆಯಬೇಕು ಎನ್ನುವುದೊಂದೇ ನನ್ನ ಬಾಯಲ್ಲಿ.

ಊರಲ್ಲಿ ನನ್ನ ಕಣ್ಣಿಗೆ ಬಿದ್ದ ಮೊದಲ ಅರಸನೆಂದರೆ ಕೆರೆಯ ನೀರುಗಂಟಿ. ತೂಬು ಎತ್ತುವವನು, ಗದ್ದೆಗದ್ದೆಗೆ ನೀರು ತಿರುಗಿಸುವವನು ಆ ಮುದುಕನೊಬ್ಬನೇ. ಮಳೆ ಕೈಕೊಟ್ಟ ವರ್ಷ ಕೆರೆಗೆ ಎಲ್ಲಕ್ಕಿಂತ ದೂರದ ಕೊನೆಯ ಗದ್ದೆಗೆ ಮೊದಲು ನೀರು, ಆಮೇಲೆ ಒಂದೊಂದಾಗಿ ಮೇಲಕ್ಕೆ. ಅದು ಅವನ ತಾತನ ಕಾಲದ ಕಟ್ಟಳೆ. ಪಟೇಲರೇ ಕೇಳಿದರೂ "ಸರದಿ ಬರ್ಲಿ ಬುಡಿ ಬುದ್ದಿ" ಎಂದು ಗುದ್ದಲಿ ಹೆಗಲಿಗೇರಿಸುವ ಆಸಾಮಿ. ಆ ಕೊನೆಯ ಗದ್ದೆ ನನ್ನ ಸೋದರತ್ತೆಯದು. ಗಂಡ ಸತ್ತ ಮೇಲೆ ಅವಳ ವರ್ಷದ ಅನ್ನವೆಲ್ಲ ಅದರಲ್ಲೇ.

ಆ ಸಲ ಕೆರೆಯಲ್ಲಿ ಅರ್ಧ ನೀರೂ ಇರಲಿಲ್ಲ. ಒಬ್ಬನ ದರ್ಬಾರು ಸಾಕು, ಊರೇ ತೀರ್ಮಾನಿಸಲಿ ಎಂದು ಗದ್ದೆಯವರನ್ನೆಲ್ಲ ಕೆರೆ ಏರಿಯ ಮೇಲೆ ಸೇರಿಸಿದೆ. ಮೇಲಿನ ಗದ್ದೆಗಳಿಗೇ ಮೊದಲು ಬಿಡೋಣವೇ ಎಂದು ಯಾರೋ ಎತ್ತಿದ ಮಾತನ್ನು ಎಲ್ಲರ ಮುಂದಿಟ್ಟವನೂ ನಾನೇ. ಮತ ಹಾಕುವುದು ಹೇಗೆಂದು ತೋರಿಸಲು ಮೊದಲು ನನ್ನ ಕೈಯೆತ್ತಿದೆ. ನೀರುಗಂಟಿಯದೊಂದು ಬಿಟ್ಟು ಎಲ್ಲರ ಕೈಯೂ ಎದ್ದಿತು. ನನ್ನ ಎದೆ ಉಬ್ಬಿತು. ಅತ್ತೆಯ ನೆನಪೇ ಬರಲಿಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಏರಿಯಿಂದ ಇಳಿಯುವಾಗ ನೀರುಗಂಟಿ ನನ್ನ ಪಕ್ಕ ನಿಂತ. "ಪಟೇಲ್ರು ಒಬ್ರು ಬುದ್ದಿ, ಅವರ್ಗೆ ಇಲ್ಲ ಅಂತಿದ್ದೆ. ಇಷ್ಟು ಜನಕ್ಕೆ ಎಂಗೆ ಇಲ್ಲ ಅನ್ಲಿ?" ಎಂದ. ಮುದುಕನಿಗೆ ಹೊಟ್ಟೆಯುರಿ ಎಂದುಕೊಂಡೆ.

ಹದಿನೈದು ದಿನಕ್ಕೆ ಕೆರೆಯ ತಳ ಕಂಡಿತು. ನೀರು ಕೊನೆಯ ಗದ್ದೆ ಮುಟ್ಟಲೇ ಇಲ್ಲ.

ಮುಂದೆ ಗಣರಾಜ್ಯ ಎಂಬ ಮಾತು ಊರೂರಿಗೆ ಬಂದಾಗ, ಅದಕ್ಕೂ ಪ್ರಜಾಪ್ರಭುತ್ವಕ್ಕೂ ಏನು ವ್ಯತ್ಯಾಸ ಎಂದು ಊರ ಮಕ್ಕಳು ನನ್ನನ್ನು ಕೇಳುತ್ತಿದ್ದರು. ಪ್ರಜಾಪ್ರಭುತ್ವದಲ್ಲಿ ಕೈ ಎಣಿಸುತ್ತಾರೆ. ಗಣರಾಜ್ಯದಲ್ಲಿ, ಎಷ್ಟು ಕೈ ಎದ್ದರೂ ಮುರಿಯಬಾರದ ಕಟ್ಟಳೆಯೊಂದು ಇರುತ್ತದೆ. ನನಗೆ ಇದನ್ನು ಯಾವ ಪುಸ್ತಕವೂ ಕಲಿಸಲಿಲ್ಲ.

ಕಲಿತದ್ದು ಆ ವರ್ಷವೇ, ಅತ್ತೆಯ ಗದ್ದೆಯ ಬದುವಿನ ಮೇಲೆ. ಹಳದಿಯಾದ ಪೈರನ್ನು ದನಕ್ಕಾದರೂ ಆಗಲಿ ಎಂದು ಅವಳು ಕುಯ್ಯುತ್ತಿದ್ದಳು.

"ಊರೋರೆಲ್ಲ ಸೇರಿ ನಿನ್ನ ಬಾಯ್ಗೆ ಮಣ್ಣು ಆಕ್ಬುಟ್ರಲ್ಲತ್ತೆ" ಎಂದೆ.

"ಊರೋರ್ನ ಯಾಕಪ್ಪ ಅಂತೀಯೆ. ನಾನೂ ಕೈಯೆತ್ತುದ್ದೆ."

ಯಾಕೆ ಎಂದು ಕೇಳಿದೆ.

ಅವಳು ಕುಡುಗೋಲು ಬದುವಿಗಿಟ್ಟಳು. "ಇಂದ್ಗಡೆ ನಿಂತಿದ್ದೆ, ನೀನೇನ್ ಕೇಳ್ದೆ ಅಂತ ಕಿವಿಗೆ ಬೀಳ್ನಿಲ್ಲ ಕಣ್ ಮಗ. ನಿನ್ ಕೈ ಮೇಲಿತ್ತು. ನಮ್ಮಣ್ಣನ ಮಗ ನಂಗೆ ಕೆಟ್ಟದ್ ಬಗೆದಾನಾ ಅಂತ ಎತ್ತುದೆ."