ಟಿವಿಯ ಹಿಂದೆ ಕಂಡ ಹಸಿರು ಸೀರೆ

ಎಲೆಕ್ಟ್ರಾನಿಕ್ ಸಿಟಿಯ ಹಿಂದಿನ ಹಳ್ಳಿಯೊಂದರಲ್ಲಿ ನಾನು ಬಾಡಿಗೆಗಿದ್ದ ವರ್ಷಗಳಲ್ಲಿ, ಮನೆಯೊಡತಿಯ ಪಾಲಿಗೆ ನಾನು ಟಿವಿ ಎಂಜಿನಿಯರ್. ಓದಿದ್ದು ಇತಿಹಾಸದ ಎಂ.ಎ. ಕೆಲಸವೇನೋ ಟಿವಿಗೆ ಸಂಬಂಧಿಸಿದ್ದೇ: ಕಾಲ್ ಸೆಂಟರಿನಲ್ಲಿ ಕೂತು, ಯಾವುದೋ ದೇಶದಲ್ಲಿ ಕೆಟ್ಟುಹೋದ ಟಿವಿಗಳ ಮಾಲೀಕರಿಗೆ ಫೋನಿನಲ್ಲಿ ಸಮಾಧಾನ ಹೇಳುವುದು. ಕಂಪ್ಯೂಟರಿನಲ್ಲಿ ಒಂದೊಂದೇ ಪ್ರಶ್ನೆ ಬರುತ್ತಿತ್ತು, ನಾನು ಓದುತ್ತಿದ್ದೆ. ಒಂದು ಟಿವಿಯನ್ನೂ ಬಿಚ್ಚಿ ನೋಡಿದವನಲ್ಲ. ಈ ವ್ಯತ್ಯಾಸವನ್ನು ಅಕ್ಕನಿಗೆ ವಿವರಿಸಲು ಒಂದೆರಡು ಸಲ ಪ್ರಯತ್ನಿಸಿದ್ದೆನೆಂದು ನೆನಪು. ಪ್ರಯತ್ನಿಸಲಿಲ್ಲವೇನೋ. ಎಂಜಿನಿಯರ್ ಅನ್ನಿಸಿಕೊಳ್ಳುವುದು ಯಾರಿಗೆ ಬೇಡ?

ಅಕ್ಕ ಅಂದರೆ ಆ ಮನೆಯೊಡತಿ. ಹೊಲವಿದ್ದ ಜಾಗದಲ್ಲಿ ಬಾಡಿಗೆ ರೂಮುಗಳ ಸಾಲು ಎದ್ದಿದ್ದರೂ, ಕಾಂಪೌಂಡಿನ ಪಕ್ಕ ಒಂದು ಹಸು ಉಳಿಸಿಕೊಂಡಿದ್ದರು. ಕಾಂಪೌಂಡಿನ ಆಚೆ, ಗೋಡೆಗೆ ಗೋಡೆ ತಾಗಿದಂತೆ ಮೈದುನನ ಮನೆ. ಪಾಲಾಗುವಾಗ ಬೋರ್‌ವೆಲ್ ಯಾರಿಗೆಂದು ಜಗಳವಾದ ಮೇಲೆ ಅಕ್ಕನಿಗೂ ಓರಗಿತ್ತಿಗೂ ಮಾತಿಲ್ಲ. ಮಾತಿಲ್ಲ ಅಂದರೆ ನೇರವಾಗಿ ಇಲ್ಲ, ಅಷ್ಟೆ. ಹಸು ಗಿಡ್ಡ ಕಾಂಪೌಂಡಿನ ಮೇಲಿಂದ ಆಚೆಗೆ ಕತ್ತು ಚಾಚಿ ನಿಲ್ಲುತ್ತಿತ್ತು. ಇಬ್ಬರೂ ಹೇಳುವುದನ್ನೆಲ್ಲ ಅದಕ್ಕೇ ಹೇಳುತ್ತಿದ್ದರು. ಅಷ್ಟೆಲ್ಲ ಬೈಗುಳ ಕೇಳಿಯೂ ಹಾಲು ಕಮ್ಮಿ ಮಾಡದ ಆ ಹಸುವಿನ ತಾಳ್ಮೆ ನಮ್ಮ ಕಾಲ್ ಸೆಂಟರಿನಲ್ಲಿ ಯಾರಿಗೂ ಇರಲಿಲ್ಲ.

ಆ ಚಳಿಗಾಲದಲ್ಲಿ ಅಕ್ಕ ಯಾವುದೋ ಚಾನೆಲ್ಲಿನ ಅಡುಗೆ ಕಾರ್ಯಕ್ರಮಕ್ಕೆ ಹೋಗಿ, ಹಿತಕಿದ ಬೇಳೆ ಸಾರು ಮಾಡಿ ಬಂದರು. ಶನಿವಾರ ಮಧ್ಯಾಹ್ನ ಪ್ರಸಾರ. ಸುದ್ದಿ ಹಸುವಿಗೆ ಮುಟ್ಟಿತು. ಆಚೆಯಿಂದ ಉತ್ತರವೂ ಹಸುವಿಗೇ ಬಂತು:

"ಟಿವೀಲಿ ಬತ್ತಾರಂತೆ ಕಣೆ. ಯಾರ್ ನೋಡ್ತಾರೆ? ನಂಗೇನ್ ಬ್ಯಾರೆ ಕೆಲ್ಸ ಇಲ್ವಾ?"

ಅಂದಿನಿಂದ ಅಕ್ಕನಿಗೆ ಊರೆಲ್ಲ ನೋಡಿದರೂ ಸಾಲದು. ಆ ಒಬ್ಬಳು ನೋಡಬೇಕು.

ಶನಿವಾರ ಊಟ ಮುಗಿಸಿ ಮಲಗುವವನಿದ್ದೆ. ರೂಮಿನ ಬಾಗಿಲು ಬಡಿದ ಸದ್ದು.

"ತಮ್ಮ, ಬಾರಪ್ಪ ಬೇಗ! ಮಾತ್ ಬತ್ತೈತೆ, ಮಕ ಬತ್ತಿಲ್ಲ!"

ಹೋದೆ. ಟಿವಿ ಕಪ್ಪಗೆ ಕೂತು ಸೋಪಿನ ಜಾಹೀರಾತು ಹಾಡುತ್ತಿತ್ತು. ಅಕ್ಕನ ಯಜಮಾನರು ಅದರ ಮೇಲಂಚನ್ನು ಬೆರಳಿನಿಂದ ಸವರುತ್ತಿದ್ದರು. "ಅಳೇ ಟಿವಿ ಆಗಿದ್ರೆ ತಲೆ ಮ್ಯಾಲೆ ಒಂದ್ ಬಿಟ್ರೆ ಸರೋಗದು. ಇದುಕ್ಕೆ ತಲೇನೇ ಇಲ್ವಲ್ಲಯ್ಯ!"

ನಾನು ಆಫೀಸಿನ ಕ್ರಮದಲ್ಲೇ ಶುರುಮಾಡಿದೆ. "ಅಕ್ಕ, ಪ್ಲಗ್ ಹಾಕಿದೆಯಾ?"

"ಪ್ಲಗ್ ಆಕ್ದೆ ಮಾತಾಡ್ತೈತಾ? ಆಪೀಸ್ನಾಗೂ ಇದ್ನೇ ಕೇಳ್ತೀಯಾ?"

"ಹೌದಕ್ಕ."

"ಅದುಕ್ಕೆ ಸಂಬ್ಳ ಕೊಡ್ತಾರಾ?"

ಆಫೀಸಿನ ಪಟ್ಟಿಯ ಎರಡನೆಯ ಪ್ರಶ್ನೆ ಕೇಳಲು ಧೈರ್ಯ ಸಾಲದೆ ಸ್ವಿಚ್ ಆರಿಸಿ ಹಾಕಿದೆ. ಸೋಪು ಹೋಗಿ ಹಪ್ಪಳ ಬಂತು, ಮುಖ ಬರಲಿಲ್ಲ. ಯಜಮಾನರು ತಾರಸಿ ಹತ್ತಿ ಡಿಶ್ ತಿರುಗಿಸತೊಡಗಿದರು. ಧ್ವನಿ ಚೆನ್ನಾಗಿರುವಾಗ ಡಿಶ್ಶಿನದೇನೂ ತಪ್ಪಿಲ್ಲವೆಂದು ಹೇಳುವಷ್ಟರಲ್ಲಿ ಮೇಲಿಂದ "ಬಂತಾ?" ಎಂದು ಕೂಗಿದರು.

"ಇದ್ ಮಾತೂ ಓಯ್ತು!" ಅಕ್ಕ ಕಿರುಚಿದರು.

ಮಾತನ್ನು ಮರಳಿ ಪಡೆಯಲು ಸಾಕಷ್ಟು ಹೊತ್ತು ಹಿಡಿಯಿತು. ಕೆಳಗಿಳಿದು ಬಂದ ಯಜಮಾನರು "ಆಚೆ ಮನೇಲಿ..." ಎಂದು ಬಾಯಿ ತೆರೆದರು. ಅಕ್ಕ ನೋಡಿದ ನೋಟಕ್ಕೆ ವಾಕ್ಯ ಅಲ್ಲೇ ನಿಂತಿತು. ಸುಲಭದ ಪರಿಹಾರ ಒಂದು ಗೋಡೆಯಾಚೆ ಇದೆಯೆಂದು ಮೂವರಿಗೂ ಗೊತ್ತಿತ್ತು. ನನ್ನ ಪ್ರಶ್ನಾವಳಿಯಲ್ಲಿ ಓರಗಿತ್ತಿಯ ಬಗ್ಗೆ ಪ್ರಶ್ನೆ ಇರಲಿಲ್ಲ.

ಉಳಿದದ್ದು ಟಾರ್ಚಿನ ಪರೀಕ್ಷೆ. ಕೋಣೆ ಕತ್ತಲು ಮಾಡಿ, ಪರದೆಯ ಹತ್ತಿರ ಟಾರ್ಚ್ ಹಿಡಿಯಬೇಕು. ಒಳಗೆ ಮಸುಕಾಗಿ ಚಿತ್ರ ಚಲಿಸಿದರೆ ಪರದೆಯ ಹಿಂದಿನ ದೀಪಗಳು ಸತ್ತಿವೆ ಎಂದರ್ಥ. ಆಗ ವಿಷಾದದ ದನಿಯಲ್ಲಿ ಹೊಸ ಟಿವಿ ಕೊಳ್ಳಲು ಹೇಳಬೇಕು. ಕಿಟಕಿ ಮುಚ್ಚಿ ಮೊಬೈಲಿನ ಬೆಳಕು ಬಿಟ್ಟೆ. ಅಂಗೈಯಗಲದ ವೃತ್ತದಲ್ಲಿ ಏನೋ ಅಲ್ಲಾಡಿತು.

"ಸೌಟು! ನಾನೇ ಅದು!" ಅಕ್ಕ ಚೀರಿದರು. "ಮ್ಯಾಲಕ್ ತಗೊಂಡೋಗು, ಮಕ ತೋರ್ಸು!"

ಬೆಳಕು ಮೇಲೆ ಹೋಗುವಷ್ಟರಲ್ಲಿ ಕ್ಯಾಮೆರಾ ಪಾತ್ರೆಗೆ ಇಳಿದಿರುತ್ತಿತ್ತು. ಬೆಳಕನ್ನು ಪಾತ್ರೆಗೆ ಇಳಿಸಿದರೆ ಕ್ಯಾಮೆರಾ ನಿರೂಪಕಿಯ ಕಿವಿಯೋಲೆಗೆ ಹಾರುತ್ತಿತ್ತು. ಅಕ್ಕನ ಮುಖವನ್ನು ನಾನು ಕಾರ್ಯಕ್ರಮದುದ್ದಕ್ಕೂ ಅಟ್ಟಿಸಿಕೊಂಡು ಹೋದೆ, ಹಿಡಿಯಲಾಗಲಿಲ್ಲ.

ಆಗ "ಈಗ ವಗ್ಗರ್ಣೆ ಕೊಡಾದು" ಎಂದು ಟಿವಿಯ ಅಕ್ಕ ಹೇಳಿದರು. ಕ್ಷಣ ಬಿಟ್ಟು ಮತ್ತೊಮ್ಮೆ ಅದನ್ನೇ ಹೇಳಿದರು. ಸ್ಪೀಕರೂ ಕೆಟ್ಟಿದೆಯೆಂದು ನಾನು ಗಂಭೀರವಾಗಿ ತೀರ್ಪು ಕೊಟ್ಟೆ. ಅಕ್ಕ ರಿಮೋಟು ಒತ್ತಿ ನಮ್ಮ ಟಿವಿಯ ಬಾಯಿ ಮುಚ್ಚಿಸಿದರು. ಆದರೂ ಅವರ ಧ್ವನಿ ಕೇಳುತ್ತಲೇ ಇತ್ತು, ಗೋಡೆಯಾಚೆಯಿಂದ. ಯಾರೋ ವಾಲ್ಯೂಮ್ ಪೂರ್ತಿ ಏರಿಸಿದ್ದರು.

"ನೋಡ್ತಾವ್ಳೆ," ಎಂದರು ಅಕ್ಕ, ಪಿಸುದನಿಯಲ್ಲಿ. ನನ್ನ ಕೈಯ ಬೆಳಕು ತಿಳಿಯದೆಯೇ ಅವರತ್ತ ತಿರುಗಿತ್ತು. ಆ ದಿನ ನಾನು ಸ್ಪಷ್ಟವಾಗಿ ಕಂಡ ಮುಖ ಅದೊಂದೇ.

ಕಾರ್ಯಕ್ರಮ ಮುಗಿದೊಡನೆ ಅಕ್ಕ ಹಸುವಿಗೆ ಹುಲ್ಲು ಹಾಕಲು ಹೊರಟರು. ಹಸುವಿನ ಮುಂದೆ ಹುಲ್ಲು ಆಗಲೇ ಬೇಕಾದಷ್ಟಿತ್ತು. ಓರಗಿತ್ತಿ ಆಚೆ ನಿಂತಿದ್ದರು.

"ಉಪ್ನ ಎಲ್ಡ್ ಸಲ ಆಕುದ್ರು ಕಣೆ, ಯಾರೋ. ಅಸ್ರು ಸೀರೆ ಮಾತ್ರ ಒಪ್ತಿತ್ತು."

"ಒಂದೇ ಸಲ ಆಕಿದ್ದು ಅಂತ ಏಳೇ," ಅಕ್ಕ ಹಸುವಿನ ಬೆನ್ನು ತಟ್ಟಿದರು. "ಸೀರೆ ಒಪ್ತಿತ್ತಂತಾ? ಇನ್ನೊಂದ್ ಸಲ ಕೇಳು."

"ನಾಳೆ ಬೆಳಗ್ಗೆ ಆ ಪೋಗ್ರಾಮ್ ಮತ್ತೆ ಆಕ್ತಾರಂತೆ. ನಮ್ ಟಿವೀಲಿ ಬಣ್ಣ ಯಾಕೋ ಸರಿಗ್ ಬತ್ತಿಲ್ಲ. ಎಂಜಿನಿಯರ್ ಯಾರಾನ ಇದ್ರೆ ಬಂದ್ ನೋಡ್ಲಿ."

"ಒಬ್ಬ ಅವ್ನೆ ಕಣೆ. ಪಾಪ, ಒಬ್ನೇ ಬರಾಕೆ ನಾಚ್ಕಂತಾನೆ. ಜತೇಗ್ ಯಾರಾನ ಬರ್ಬೇಕು."

ಹೀಗೆ ಭಾನುವಾರ ಬೆಳಗ್ಗೆ ನಾನು, ಯಾವ ದೋಷವೂ ಇಲ್ಲದ ಟಿವಿಯೊಂದನ್ನು ರಿಪೇರಿ ಮಾಡಲು ಹೋದೆ. ಅಕ್ಕ ನನ್ನ ಜೊತೆಗೆ ಬಂದವರು, ನೇರ ಸೋಫಾಕ್ಕೆ ಹೋದರು. ಎಂಜಿನಿಯರ್ ಎಂದ ಮೇಲೆ ಟಿವಿಯ ಹಿಂದೆ ಇರಬೇಕಲ್ಲ. ಬಗ್ಗಿ ವೈರುಗಳನ್ನು ನೋಡುತ್ತ ನಿಂತೆ. ಹೀಗಾಗಿ ಆ ದಿನವೂ ನನಗೆ ಧ್ವನಿ ಮಾತ್ರ. ಆದರೆ ಪರದೆಯ ಮೇಲೆ ಹಸಿರು ಸೀರೆಯುಟ್ಟು ನಗುವ ಅಕ್ಕ ನನ್ನ ನೆನಪಿನಲ್ಲಿ ಚೊಕ್ಕವಾಗಿದ್ದಾರೆ, ಸೆರಗಿನ ಅಂಚಿನ ಸಮೇತ. ಅಕ್ಕ ಅಂದು ಅದೇ ಸೀರೆ ಉಟ್ಟು ಬಂದಿದ್ದರೇನೋ. ಇತಿಹಾಸ ಓದಿದವನು ಇಂಥ ಸಾಕ್ಷಿಯನ್ನು ನಂಬಬಾರದು.

"ಪ್ಲಗ್ ಹಾಕಿದೆಯಾ?" ಎಂದೆ, ಮರ್ಯಾದೆಗಾಗಿ.

"ಸುಮ್ಕಿರಪ್ಪ, ಕೇಳ್ಸಾಕಿಲ್ಲ!" ಇಬ್ಬರೂ ಒಟ್ಟಿಗೆ ಗದರಿದರು.

"ನೋಡು, ಇದು ಎಲ್ಡ್ನೇ ಸಲ."

"ಅದು ಉಪ್ಪಲ್ಲ ಕಣೆ, ಕಾಯಿತುರಿ."

"ನಂಗೇನ್ ಕಣ್ ಕಾಣಾಕಿಲ್ವಾ ಅಕ್ಕ?"

ಹೊರಗೆ ಹಸು ಒಂದು ಸಲ ಕೂಗಿತು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.